ಒಂದು ವಾಟೆ, ಮೂರು ಕುಡಿ

ಮುರ್ಮಾನ್ಸ್ಕಿನಲ್ಲಿ ಡಿಸೆಂಬರ್ ಎರಡಕ್ಕೆ
ಸೂರ್ಯ ರಜೆ ಹಾಕಿ ಹೋಗುತ್ತಾನೆ.
ನಲವತ್ತು ದಿನ. ಅರ್ಜಿ ಗಿರ್ಜಿ ಏನಿಲ್ಲ.
ನಾನು ಹಾಗೆ ಹೋಗುವಂತಿಲ್ಲ, ನಾಲ್ಕನೇ ನಂಬರಿನ ಟ್ರಾಲಿಬಸ್ಸು ನನ್ನದು.
ಹಿಮಗಟ್ಟಿದ ತಂತಿಗೆ ಬಸ್ಸಿನ ಕೊಂಬು ತಾಗಿದಾಗೆಲ್ಲ
ಒಂದು ನೀಲಿ ಕಿಡಿ.
ಆ ತಿಂಗಳು ನಾವು ಕಾಣುವ ಹಗಲು ಅಷ್ಟೇ.

ಅಂಥದೊಂದು ಸಂಜೆ, ಸಂಜೆಯೋ ಮಧ್ಯಾಹ್ನವೋ,
ಮಾರುಕಟ್ಟೆಯಲ್ಲಿ ಜಾಕೆಟ್ ಮಾರುವ ಥ್ವಿ
ಹನೋಯಿಯಿಂದ ಬಂದಿದ್ದ ಭಾವನ ಪೆಟ್ಟಿಗೆಗೆ ಕೈಹಾಕಿ
ಒಂದು ಮಾವಿನಹಣ್ಣು ತೆಗೆದು ಕೊಟ್ಟಳು.
ರೋದ್ಯಾನ ಕೋಟಿಗೆ ಜಿಪ್ ಹಾಕಿದ ದುಡ್ಡು ಮಾತ್ರ ಬಿಡಲಿಲ್ಲ.

ಸಿಂಕಿನ ಮೇಲೆ ಬಾಗಿ ತಿಂದೆವು ಇಬ್ಬರೂ.
ರಸ ಮೊಣಕೈವರೆಗೆ, ಮಾತಿಲ್ಲ.
ನಾರು ಕೆದರಿದ ವಾಟೆ ಎಸೆಯಹೋದರೆ
ಹುಡುಗ ಕೈ ಹಿಡಿದ.

ಕತ್ತರಿಯಿಂದ ಸಿಪ್ಪೆ ಬಿಡಿಸಿದ, ಬೆರಳು ಕೊಯ್ದುಕೊಂಡ.
ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೊಸರಿನ ಡಬ್ಬಿಯಲ್ಲಿಟ್ಟು
ರೇಡಿಯೇಟರಿನ ಮೇಲೆ.
ಎರಡು ವಾರ ಬರೀ ಹುಳಿ ವಾಸನೆ.
ಮೂರನೆಯ ವಾರ ಬೇರು,
ಬಿಳಿ, ದಪ್ಪ, ಯಾರನ್ನೂ ಕೇಳದೆ ಕೆಳಗೆ ಹೊರಟದ್ದು.

ಡಿಪೋದ ಎಲೆಕ್ಟ್ರಿಷಿಯನ್ ಗಲಿಮ್‌ಜಾನ್
ನೇರಳೆ ಬಣ್ಣದ ದೀಪ ಕಟ್ಟಿಕೊಟ್ಟ.
ಒಂಬತ್ತನೇ ದಿನ ಬಾಗಿಲು ತಟ್ಟಿದ್ದು ಪೊಲೀಸು,
ಪಖೋಮೊವ್, ಬೂಟಿನ ತುಂಬ ಹಿಮ:
'ನೆರೆಯವರ ದೂರು. ಒಳಗೇನೋ ಬೆಳೀತಿದ್ದೀರಂತೆ?'
ತೋರಿಸಿದೆ.
ಟೋಪಿ ತೆಗೆದು ಬಹಳ ಹೊತ್ತು ನೋಡಿದ.
'ಹಣ್ಣು ಬಿಡುತ್ತಾ?'
'ಗೊತ್ತಿಲ್ಲ.'
'ಬಿಟ್ಟರೆ ಹೇಳಿ' ಎಂದು ದೂರಿನ ಕಾಗದ ಮಡಚಿಕೊಂಡ.

ಆಮೇಲೆ ಎಲೆ ಬಂತು. ಕೆಂಪಗೆ.
ತಾಮ್ರದ ಕೆಂಪು, ಸೋತ ಕೈಗಳ ಹಾಗೆ ಜೋತುಬಿದ್ದು.
ರೇಡಿಯೇಟರಿನ ಬಿಸಿಗೆ ಸುಟ್ಟಿತು ಅಂದುಕೊಂಡು
ಹುಡುಗ ಊಟ ಬಿಟ್ಟ.
ಫೋಟೋ ಹಿಡಿದು ಮಾರುಕಟ್ಟೆಗೆ ಓಡಿದೆ.
ಥ್ವಿ ನಕ್ಕಳು, ಗಿರಾಕಿಗಳೆಲ್ಲ ತಿರುಗಿ ನೋಡುವಷ್ಟು:
'ತಾಯಿಸಿಯಾ, ನಿನ್ನ ಮಗ ಹುಟ್ಟಿದಾಗ ಹಸಿರಾಗಿದ್ದನಾ?'

ಒಂದೇ ವಾಟೆಯಿಂದ ಮೂರು ಕುಡಿ.
ಎರಡು ದಪ್ಪ, ನೆಟ್ಟಗೆ.
ಒಂದು ನೂಲಿನಂತೆ, ಪಕ್ಕಕ್ಕೆ ವಾಲಿ,
ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ.
'ಒಂದನ್ನು ಉಳಿಸಿ ಮಿಕ್ಕದ್ದು ಚಿವುಟಬೇಕು,' ಅಂದಳು ಥ್ವಿ
ತನ್ನ ಮುರುಕು ರಷ್ಯನ್ನಿನಲ್ಲಿ.
'ದಪ್ಪದವು ಎರಡೂ ಮಕ್ಕಳಲ್ಲ, ತಾಯಿಯೇ, ಮತ್ತೊಮ್ಮೆ ತಾಯಿ.
ಸಣ್ಣದಕ್ಕೆ ಮಾತ್ರ ಅಪ್ಪ ಇದ್ದಾನೆ.
ಅದು ಹೇಗಾಗುತ್ತೋ ಯಾರಿಗೂ ಗೊತ್ತಿಲ್ಲ.'

ಮನೆಗೆ ಬಂದು ಇದ್ದದ್ದು ಇದ್ದ ಹಾಗೆ ಹೇಳಿದೆ.
ಹೇಳಬಾರದಿತ್ತೇನೋ.
ರೋದ್ಯಾ ಹನ್ನೊಂದರ ಹುಡುಗ.
ಅಪ್ಪ ಅಂದರೆ ಅವನಿಗೆ
ಒಂದು ಹೆಸರು, ಸ್ಕೂಲಿನ ಫಾರಮ್ಮಿನಲ್ಲಿ ತುಂಬುವುದು.
ಕತ್ತರಿ ಬಚ್ಚಿಟ್ಟ.
ಭಾನುವಾರವಿಡೀ ನೆಲದ ಮೇಲೆ ಪತ್ರಿಕೆ ಹಾಸಿ
ಹಲ್ಲುಕಡ್ಡಿಯಿಂದ ಬೇರು ಬೇರು ಬಿಡಿಸಿದ.

ಒಂದು ತಾಯಿ ಡಿಪೋದ ಕ್ಯಾಂಟೀನಿಗೆ ಹೋಯಿತು,
ಈಗ ನನ್ನ ಭುಜ ಮುಟ್ಟುತ್ತದೆ.
ಇನ್ನೊಂದು ತಾಯಿ ಥ್ವಿಯ ಅಂಗಡಿಯಲ್ಲಿತ್ತು;
ಶಟರ್ ತೆರೆದಿಟ್ಟ ಒಂದೇ ರಾತ್ರಿಯಲ್ಲಿ ಕಪ್ಪಾಯಿತು.
ಅವಳು ಆ ಕುಂಡವನ್ನು ಇನ್ನೂ ಎಸೆದಿಲ್ಲ.
ನೂಲಿನಂಥದ್ದು ನಮ್ಮ ಕಿಟಕಿಯಲ್ಲಿದೆ.
ಎರಡು ವರ್ಷಕ್ಕೆ ಏಳು ಎಲೆ.
ಹಣ್ಣಿನ ಮಾತು ನಾವು ಆಡುವುದಿಲ್ಲ.

ಈಗ ಜೂನ್. ಸೂರ್ಯನಿಗೆ ಮುಳುಗುವುದು ಮರೆತಿದೆ.
ನಡುರಾತ್ರಿಯೂ ಗಾಜಿನ ತುಂಬ ಬಿಸಿಲು,
ಗಿಡಕ್ಕೆ ನಿದ್ದೆಯಿಲ್ಲ ಎಂದು ಹುಡುಗನ ವಾದ.
ಒಂಬತ್ತಕ್ಕೆ ಸರಿಯಾಗಿ ಎದ್ದು
ನನ್ನ ಕಂದು ಕಂಬಳಿಯನ್ನು ಕಿಟಕಿಗೆ ಕಟ್ಟುತ್ತಾನೆ,
ನಾಲ್ಕು ಮೊಳೆ, ನಾಲ್ಕು ಗಂಟು.

ಕತ್ತಲಲ್ಲಿ ಎದ್ದು ನೀರು ಕುಡಿಯಹೋದರೆ ಎಡವುತ್ತೇನೆ.
'ಮೆಲ್ಲಗೆ,' ಅನ್ನುತ್ತದೆ ಹಾಸಿಗೆಯಿಂದ ಒಂದು ದನಿ,
ಈ ವಸಂತದಿಂದ ಒಡೆಯತೊಡಗಿದ ದನಿ,
ನನ್ನದಲ್ಲದ್ದು.