ಮೂರನೇ ಕಟ್ಟು

ಮೊದಲನೆಯವರ ಕೋಣೆಯಲ್ಲಿ ಏಸಿ ಇತ್ತು.
ಅಮ್ಮನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
ನೋಟು ಅಸಲಿಯೋ ಅಂತ ನೋಡುವವರ ಹಾಗೆ ನೋಡಿ
"ಆರು ಲಕ್ಷಕ್ಕೆ ಮೋಸ ಇಲ್ಲ, ನನಗೆ ಕಾಲು" ಅಂದರು.
ಕಾಲು ಎಂಬ ಮಾತು ಮೇಜಿನ ಮೇಲೆ ಬಿದ್ದಿತ್ತು.
ಯಾರೂ ಎತ್ತಲಿಲ್ಲ.

ಎರಡನೆಯವರು ಫೋನಿನಲ್ಲಿದ್ದರು.
ಫೋನಿನ ಸಂದಿಯಲ್ಲೇ ತಮ್ಮನ ಕೇಸು ಕೇಳಿದರು:
ಕುಳಾಯಿಯಲ್ಲಿ ಅಮ್ಮನಿಗೆ ಬಡಿದ ಬಸ್ಸಿಗೆ
ರುಕ್ಮಯ ಕಲ್ಲು ಹೊಡೆದದ್ದು, ಗ್ಲಾಸು ಹೋದದ್ದು,
ಕಂಡಕ್ಟರನ ತುಟಿ ಒಡೆದದ್ದು.
"ಅವ ಅಲ್ಲಿ ಇರಲೇ ಇಲ್ಲ ಅಂತ ಹೇಳುವ."
ಮತ್ತೆ ಅಮ್ಮನನ್ನು ರಿಕ್ಷಾಕ್ಕೆ ಎತ್ತಿ ಹಾಕಿದ್ದು ಯಾರು?
ಅದಕ್ಕೆ ಅವರಲ್ಲಿ ಉತ್ತರ ಇದ್ದೀತು, ಸಮಯ ಇರಲಿಲ್ಲ.

ಬಾವುಟಗುಡ್ಡೆ, ಕೊಡಿಯಾಲಬೈಲು, ಕರಂಗಲ್ಪಾಡಿ,
ಎಲ್ಲಿ ನೋಡಿದರೂ ವಕೀಲರ ಬೋರ್ಡು,
ಆಟಿಯ ಅಣಬೆಯ ಹಾಗೆ ಒಂದರ ಬುಡದಲ್ಲಿ ಒಂದು.
ತಿನ್ನುವಂಥದ್ದು ಯಾವುದೆಂದು
ಬಲ್ಲವರನ್ನೇ ಕೇಳಬೇಕು.

ಡಿಪೋದಲ್ಲಿ ಬೀಡಿ ಎಣಿಸುವ ಜೈನಾಬಿ ಹೇಳಿದಳು:
"ಬನ್ಸಿನ ಹೋಟೆಲಿನ ಮೇಲೆ ಒಬ್ಬರಿದ್ದಾರೆ.
ಬೈಯುತ್ತಾರೆ. ಆದರೆ ರಶೀದಿ ಕೊಡುತ್ತಾರೆ."

ಹದಿನೇಳು ಮೆಟ್ಟಿಲು.
ಪ್ರೆಸಿಲ್ಲಾ ಮಸ್ಕರೇನ್ಹಸ್, ವಕೀಲರು.
ಅಪಘಾತ, ಕುಟುಂಬ,
ಮತ್ತೊಂದು ಶಬ್ದದ ಮೇಲೆ ಬಣ್ಣ ಬಳಿದಿತ್ತು.

ಕಿವಿಗೆ ಕೈ ಹಿಡಿದು ಒಂದೊಂದೇ ಕೇಳಿದರು.
ಎಷ್ಟು ಗಂಟೆಗೆ? ಬಸ್ಸು ಯಾವ ಬದಿಯಿಂದ?
ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಿದ್ದರು ಅಮ್ಮ?
ಎಂಟುನೂರು ಅಂದೆ.
"ರಾಡು ಹಾಕಿದ್ದು ಕಾಲಿಗೆ, ಕೈಗೆ ಏನಾಗಿದೆ ಅಂತ
ಇನ್ಶೂರೆನ್ಸಿನ ವಕೀಲ ಕೇಳುತ್ತಾನೆ.
ಆಗ ಎಂತ ಹೇಳ್ತಿ?"

ತಡ್ಪೆ ಕೂರುವುದು ಮಡಚಿದ ಕಾಲಿನ ಮೇಲೆ.
ಅಮ್ಮನ ಕಾಲು ಇನ್ನು ಮಡಚುವುದಿಲ್ಲ.

ಅವರು ಬರೆದುಕೊಂಡರು.
ನಾನು ಹೇಳಿದ ಹಾಗೆಯೇ,
ನನ್ನ ಶಬ್ದದಲ್ಲೇ ಬರೆದುಕೊಂಡರು.

ರುಕ್ಮಯನ ಕಾಗದ ಮಾತ್ರ ಹಿಂದೆ ತಳ್ಳಿದರು.
"ಕ್ರಿಮಿನಲ್ ಬಿಟ್ಟು ಆರು ವರ್ಷ. ಕಿವಿ ಮಂದ.
ಸಾಕ್ಷಿ ಗೊಣಗಿದ್ದು ನನಗೆ ಕೇಳದಿದ್ದರೆ
ಒಳಗೆ ಹೋಗುವವ ನಿನ್ನ ತಮ್ಮ.
ಎದುರು ಕಟ್ಟಡದಲ್ಲಿ ಖಲಂದರ್ ಅಂತ ಹುಡುಗ ಇದ್ದಾನೆ.
ಕಲ್ಲು ಹೊಡೆದದ್ದನ್ನು
ಹೊಡೆದೆ ಅಂತಲೇ ಅವನಿಗೆ ಹೇಳಲಿ."

ಆಮೇಲೆ ಸಾಕ್ಷಿಯ ವಿವರ. ನನ್ನದು.
ಹೆಸರು? ವಾರಿಜಾ.
ಪ್ರಾಯ? ಮೂವತ್ತೊಂದು.
ಗಂಡನ ಹೆಸರು?

ಕೆಳಗೆ ಬಾಣಲೆಗೆ ಬನ್ಸ್ ಬಿಡುವ ಸದ್ದು.
ಫ್ಯಾನು ಕಾಗದಗಳ ಮೂಲೆ ಎತ್ತಿ ಎತ್ತಿ ನೋಡುತ್ತಿತ್ತು.
ಹೆಸರು ಉಂಟು ಮೇಡಂ, ಅಂದೆ.
ಮನುಷ್ಯ ಕುಂದಾಪುರದಲ್ಲಿ ಬೇರೆ ಮನೆ ಮಾಡಿದ್ದಾನೆ.
ಮಗಳ ಶಾಲೆಯ ಫಾರಮ್ಮಿನಲ್ಲಿ ಪ್ರತಿ ವರ್ಷ ಬರೆಯುತ್ತೇನೆ,
ಅಕ್ಷರ ಚಂದ ಮಾಡಿ.

"ದುಡ್ಡು ಕಳಿಸುತ್ತಾನಾ?"
ಒಂದು ಚೌತಿಗೆ ಫ್ರಾಕು ಕಳಿಸಿದ್ದ.
ಸಣ್ಣದಾಯಿತು.

ಪೆನ್ನಿಗೆ ಮುಚ್ಚಳ ಹಾಕಿದರು, ಮತ್ತೆ ತೆಗೆದರು.
"ಹೆಂಗಸರಿಗೆ ಕಾನೂನು ನೆರವಿನಿಂದ ವಕೀಲರು ಸಿಗುತ್ತಾರೆ,
ಫೀಸಿಲ್ಲ. ಅಲ್ಲಿಗೆ ಹೋಗು, ಇಲ್ಲ ನನ್ನಲ್ಲಿಗೆ ಬಾ.
ಇವತ್ತಲ್ಲ. ಇವತ್ತು ನೀನು ಬಂದದ್ದು ಅಮ್ಮನಿಗೆ."

ಅಮ್ಮನ ಕಾಗದಗಳಿಗೆ ಬಿಳಿ ಲಾಡಿ ಸುತ್ತಿದರು.
ಗಂಟು ಸಡಿಲ.
ಹದಿನೈದು ವರ್ಷ ನೂಲು ಸುತ್ತಿದ ಬೆರಳು
ನೋಡಿಕೊಂಡು ಕೂರಲಿಲ್ಲ.
ಕೊಡಿ ಇಲ್ಲಿ, ಅಂದೆ. ಬಿಗಿದು ಕೊಟ್ಟೆ.
ನಕ್ಕರು. ರಶೀದಿ ಬರೆದರು: ಐನೂರು ಮಾತ್ರ.
ಮೇಜಿನಲ್ಲಿ ಲಾಡಿಯ ತುಂಡೊಂದು ಉಳಿದಿತ್ತು,
ಕೇಳದೆ ಬ್ಯಾಗಿಗೆ ಹಾಕಿಕೊಂಡೆ.

ಸಂಜೆ ಕುಳಾಯಿಗೆ ಸಿಕ್ಕಿದ್ದು ಅದೇ ಬಸ್ಸು.
ಮುಂದಿನ ಗ್ಲಾಸು ಹೊಸತು,
ಮೂಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ.
ಹತ್ತಿದೆ.
ಕಂಡಕ್ಟರನ ತುಟಿ ನೋಡಿದೆ, ಇವ ಬೇರೆ.
ಚಿಲ್ಲರೆ ಕೇಳಿದ.
ಇತ್ತು, ಕೊಟ್ಟೆ.