ಬಾಂಬೋಳಿ, ಕಿವಿ ಮೂಗು ಗಂಟಲು ವಿಭಾಗ

ನನ್ನ ಕೆಲಸ ಹೆಸರು ಕೂಗುವುದು, ಬಾಗಿಲು ಹಿಡಿಯುವುದು.
ಘಟ್ಟದ ಮೇಲಿನವರು ಬಂದರೆ ಡಾಕ್ಟರು ಒಳಗೂ ಕರೆಯುತ್ತಾರೆ,
ಕನ್ನಡಕ್ಕೆ.
ಅದಕ್ಕೆ ಬೇರೆ ಪಗಾರಿಲ್ಲ.

ಅಂದು ಫಕೀರವ್ವ. ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ
ತಾಂಬ್ಡಿ ಭಾಜಿ, ಮೂಲಂಗಿ, ಹಸಿಮೆಣಸಿನಕಾಯಿ,
ಇಪ್ಪತ್ತೆರಡು ವರ್ಷದಿಂದ ಒಂದೇ ಕೂಗು:
ಯೋ ಬಾಯ್ ಯೋ, ವೀಸ ರುಪಯ್ಯಾಂಕ್ ವಾಂಟೋ!
ಈಗ ಬಾಯಿ ತೆರೆದರೆ
ಸಿಮೆಂಟಿನ ಮೇಲೆ ತಗಡು ಎಳೆದ ಸದ್ದು.

ಡಾಕ್ಟರ್ ನಾಗ್ವೇಕರ್ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಕೊರಳನ್ನು ಬಿಚ್ಚಿದರು.
ಅವರು ಒಂದೊಂದೇ ತುಂಡು ಎತ್ತಿ ತೋರಿಸಿದಂತೆ
ನಾನು ಅದಕ್ಕೊಂದು ಹೆಸರು ತಡಕಾಡಿದೆ.

ಇದು ಗುರಾಣಿ, ಅವ್ವಾ. ಮುಟ್ಟಿ ನೋಡು, ನಿನಗೂ ಅದ,
ಗಂಡಸರದು ಉಬ್ಬಿ ಕಾಣತದ, ಅಷ್ಟ.
ಕೆಳಗ ಉಂಗುರ, ಹರಳು ಬೆನ್ನಿನ ಕಡೆ ತಿರುಗಿದ ಉಂಗುರ.
ಉಂಗುರದ ಮ್ಯಾಲ ಎರಡು ಪುಟ್ಟ ಸೌಟು.
ಅವು ಹೊರಳಿದರ ಈ ಬಿಳೇ ಅಂಚು ಎರಡೂ
ಕೂಡತಾವ, ಬಿಡತಾವ, ಕೂಡತಾವ,
ಹೆಣ್ಣುಮಕ್ಕಳ ಕೊರಳಾಗ ಸೆಕೆಂಡಿಗೆ ಇನ್ನೂರು ಸಲ.

ಇನ್ನೂರಂದ್ರ ಹತ್ತು ವಾಂಟೋ, ಅಂದಳು ತಗಡಿನಲ್ಲೇ.

ಎಡಗಡೆಯ ನರವೊಂದು ತಲೆಯಿಂದ ಹೊರಟು
ಕೊರಳನ್ನು ಕಂಡೂ ಕಾಣದಂತೆ ದಾಟಿ
ಎದೆಗಿಳಿದು, ದೊಡ್ಡ ರಕ್ತನಾಳಕ್ಕೆ ಸುತ್ತು ಹಾಕಿ
ಮತ್ತೆ ಮೇಲೆ ಹತ್ತಿ ಬರುತ್ತದಂತೆ.
ಇದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿರುವಾಗಲೇ
ಅವಳೆಂದಳು: ಚೋರ್ಲಾ ಘಾಟು ಕುಸಿದಾಗ
ನಮ್ಮ ಕಾಯಿಪಲ್ಯೆ ಲಾರಿ ಅನಮೋಡ ಸುತ್ತಿ ಬರತದಲ್ಲ, ಹಂಗ.
ಡಾಕ್ಟರಿಗೆ ಇದನ್ನು ಕೊಂಕಣಿಯಲ್ಲಿ ಹೇಳಿದೆ.
ಅವರು ಚೀಟಿಯ ಹಿಂದೆ ಬರೆದುಕೊಂಡರು.

ಆಮೇಲೆ ಅವರೆಂದದ್ದು:
ಮಾತಿಗಾಗಿ ಆದದ್ದಲ್ಲ ಇದು, ಮೊದಲು ಬರೀ ಬಾಗಿಲು.
ಅನ್ನ ಬಂದರೆ ಮುಚ್ಚಬೇಕು, ಗಾಳಿ ಬಂದರೆ ತೆರೆಯಬೇಕು.
ಭಾರ ಎತ್ತುವಾಗಲೂ ಬಿಗಿಯಾಗಿ ಮುಚ್ಚಿ
ಎದೆಯ ಗಾಳಿ ಹಿಡಿದಿಡಬೇಕು, ಇಲ್ಲದಿದ್ದರೆ ಸೊಂಟ ನಿಲ್ಲುವುದಿಲ್ಲ.
ಮಾತು ಎಷ್ಟೋ ಕಾಲದ ಮೇಲೆ ಬಂದ ಬಾಡಿಗೆದಾರ.

ಬಾಡಿಗೀ ಇದ್ದವರ ಮ್ಯಾಲ ಎಲ್ಲಾ ದೂರು, ಅಂದು ನಕ್ಕಳು.
ನಗುವಿಗೆ ಸದ್ದಿರಲಿಲ್ಲ, ಗಾಳಿ ಇತ್ತು.
ಗಂಟು ಯಾ ಭಾಷೆಕ ಆತು ಕೇಳೋ ತಮ್ಮಾ,
ಮನೀ ಮಾತಿಗೋ ಸಂತೀ ಮಾತಿಗೋ?
ಕೇಳಿದೆ. ಡಾಕ್ಟರು ನಗಲಿಲ್ಲ.
ಭಾಷೆಗಲ್ಲ, ಜೋರಿಗೆ.

ಅಕ್ಕಿನುಚ್ಚಿನಷ್ಟು ಗಂಟು. ತೆಗೆದರು.
ಮನೆಗೆ ಕಳಿಸುವ ದಿನ ಮತ್ತೆ ನಾನೇ ನಡುವೆ.
ಹತ್ತು ದಿನ ಮೌನ. ಹೇಳಿದೆ.
ಪಿಸುಮಾತೂ ಬ್ಯಾಡ, ಅದು ಇನ್ನಷ್ಟು ಕೆಟ್ಟದ್ದು. ಹೇಳಿದೆ.
ಖಾರ, ಚಾ, ತಂಬಾಕು. ಹೇಳಿದೆ.
ಮೂರು ವಾರ ಭಾರ ಎತ್ತುವಂತಿಲ್ಲ.

ಅವಳಾಗಲೇ ಚೀಲ ಹೊರಲು
ಟವೆಲನ್ನು ಸಿಂಬಿ ಸುತ್ತುತ್ತಿದ್ದಳು.
ನೆತ್ತಿಯ ಮೇಲೆ ಒಂದು ರೂಪಾಯಿಯಷ್ಟು ಜಾಗ, ಕೂದಲಿಲ್ಲ.
ಬಾಯಿ ತೆರೆದೆ.
ನನ್ನ ಗುರಾಣಿ ಮೇಲೇರಿತು, ಮುಚ್ಚಳ ಬಿತ್ತು,
ಏನೋ ಒಂದು ಸರಿಯಾದ ದಾರಿಯಲ್ಲೇ ಕೆಳಗಿಳಿಯಿತು.

ಮತ್ತೇನಂದ್ರು? ಹುಬ್ಬಿನಲ್ಲೇ ಕೇಳಿದಳು.
ಅಷ್ಟ, ಅವ್ವಾ.

ಎರಡನೇ ಶುಕ್ರವಾರ ಮಾಪ್ಸಾಕ್ಕೆ ಹೋದೆ, ಒಣಮೀನಿನ ನೆಪದಲ್ಲಿ.
ಮೊಮ್ಮಗಳ ಪಾಟಿಯ ಮೇಲೆ ಸುಣ್ಣದ ಇಪ್ಪತ್ತು.
ಕೂಗಬೇಕಾದಲ್ಲೆಲ್ಲ ತಕ್ಕಡಿಗೆ ಬೊಟ್ಟು ಬಡಿಯುತ್ತಿದ್ದಳು,
ಟಣ್, ಟಣ್.
ಗಿರಾಕಿ ಕಡಿಮೆಯೇನಿರಲಿಲ್ಲ.

ಸಂಜೆ ಉಳಿದ ಮೂಲಂಗಿಯ ಬುಟ್ಟಿಗೆ ಬಾಗಿದಳು.
ತುಟಿ ಒತ್ತಿದಳು. ಕೊರಳ ನರ ಎದ್ದವು.
ಒಂದು ಗಳಿಗೆ ಗಾಳಿ ಒಳಗೂ ಇಲ್ಲ, ಹೊರಗೂ ಇಲ್ಲ.
ಬುಟ್ಟಿ ತಲೆಗೇರಿತು, ಅವಳು ಉಸಿರು ಬಿಟ್ಟಳು.

ನಾನಿನ್ನೂ ಬಿಟ್ಟಿರಲಿಲ್ಲ.