ಮುದ್ದೇಮಾಲು ನಂಬರ್ ಹದಿನೇಳು

ಕಾರವಾರದ ದಾಖಲೆ ಕೋಣೆಯಲ್ಲಿ ಗೆದ್ದಲು
ಮೊದಲು ಹಿಡಿಯುವುದು ಕಂದಾಯದ ಕಡತಗಳನ್ನು.
ಮಾಜಾಳಿ ಚೌಕಿಯ ಈ ರಿಜಿಸ್ಟರನ್ನು ಯಾಕೋ ಮುಟ್ಟಿಲ್ಲ.
ಅರ್ಧ ಮರಾಠಿ, ಅರ್ಧ ಕನ್ನಡ. ಒಳಗೊಂದು ಕಂದು ಗರಿ,
ಬುಡಕ್ಕೆ ಅರಗಿನ ಮುದ್ರೆ.

ಐವತ್ತಾರನೇ ಇಸವಿ, ಭಾದ್ರಪದ. ಗಡಿಗೆ ಬೀಗ.
ಪೋಳೆಂ ಕಡೆಯಿಂದ ತಂತಿಯಡಿ ನುಸುಳಿ
ಹುಂಜ ಒಂದು ಬಂದಿದೆ.
ಪರವಾನಗಿ: ಇಲ್ಲ. ಗುರುತು: ಎಡಗಾಲಿಗೆ ಕೆಂಪು ದಾರ.
ವಾರಸುದಾರಳು ಇನಾಸಿನ್ ಬಾಯಿ
ಆಚೆ ನಿಂತು ನಾಲಗೆ ಲೊಚಗುಟ್ಟಿ ಕರೆದಳು.
ಅದು ಹೊರಟೂ ಬಿಟ್ಟಿತ್ತು,
ಶಿಪಾಯಿ ಪುರ್ಸು ತಾಂಡೇಲ ಬುಟ್ಟಿ ಕವುಚಿದ.

ಮರುದಿನ ಬುಟ್ಟಿಯಡಿ ಮೊಟ್ಟೆ.
'ಹುಂಜ' ಹೊಡೆದುಹಾಕಿ 'ಹೇಂಟೆ' ಎಂದು ತಿದ್ದಿದ್ದಾರೆ.
ಆಮೇಲೆ ಬರೆಯುವವನ ಕೈ ತಡೆದಿದೆ,
ಶಾಯಿ ದುಂಡಗೆ ಹರಡಿದೆ. ಕೆಳಗೆ, ಸಣ್ಣಕ್ಷರದಲ್ಲಿ:
'ತಾಯಿ ಪರದೇಶದ್ದು. ಮೊಟ್ಟೆ ನಮ್ಮ ನೆಲದಲ್ಲಿ ಹುಟ್ಟಿದ್ದು.
ಏನು ಮಾಡತಕ್ಕದ್ದು? ಅಪ್ಪಣೆಯಾಗಬೇಕು.'

ಅಪ್ಪಣೆ ಮುಂಬಯಿಯಿಂದ ಬರಬೇಕಿತ್ತು.
ಅಷ್ಟರಲ್ಲಿ ನವೆಂಬರ್ ಒಂದು ಬಂತು,
ಮುಂಬಯಿ ಹೋಯಿತು, ಮೈಸೂರು ಬಂತು,
ಹೊಸ ರಬ್ಬರ್ ಸ್ಟ್ಯಾಂಪು ಮಾತ್ರ ಬರಲಿಲ್ಲ.
ಹಳೆಯದನ್ನೇ ಒತ್ತಿ, 'ಮುಂಬಯಿ'ಗೆ ಕೆಂಪು ಗೀಟು ಎಳೆದು,
ಕಾಳಿನ ಖರ್ಚು ಬರೆದರು: ದಿನಕ್ಕೆ ಎರಡಾಣೆ.
ಅಕ್ಟೋಬರಿನ ಕಾಳು ಯಾರ ಲೆಕ್ಕಕ್ಕೆ?
ಅವರನ್ನು ಕೇಳಿ ಎಂದರು ಇವರು,
ಇವರನ್ನು ಕೇಳಿ ಎಂದರು ಅವರು.
ಹೇಂಟೆ ಎರಡು ಸರಕಾರದ ಉಪ್ಪು ತಿಂದು ಕೊಬ್ಬಿತು.

ಮರುವರ್ಷ ನಯಾಪೈಸೆ.
ಎರಡಾಣೆಗೆ ಹನ್ನೆರಡೂವರೆ; ಅರ್ಧ ಪೈಸೆಗೆ ನಾಣ್ಯವಿಲ್ಲ.
ಆ ಅರ್ಧಕ್ಕಾಗಿ ಒಂಬತ್ತು ಪತ್ರ ಓಡಾಡಿವೆ.
ಅಂಚೆಯ ಖರ್ಚಿಗೆ ಬೇರೆ ಪುಟವೇ ಇದೆ.

ಪುರ್ಸು ಬರೆದದ್ದು ಒಂದೇ ಕಡೆ, ಪೆನ್ಸಿಲಿನಲ್ಲಿ:
'ಸಂಜೆ ಬಾಯಿ ಕರೆಯುತ್ತಾಳೆ. ಕೋಳಿ ಕತ್ತೆತ್ತುತ್ತದೆ.
ನಾನು ಆ ಕಡೆ ತಿರುಗಿ ಬೀಡಿ ಹಚ್ಚುತ್ತೇನೆ.'
ಈ ಮಾತು ಯಾವ ಕಾಲಮಿಗೂ ಸೇರಿಲ್ಲ.

ಮುಂದಿನದು ರಿಜಿಸ್ಟರಿನಲ್ಲಿಲ್ಲ,
ಮಾಜಾಳಿಯ ದಂಡೆಯಲ್ಲಿ ಬಲೆ ಬಿಡಿಸುವವರು ಹೇಳುವುದು.
ಅರವತ್ತೊಂದರ ಡಿಸೆಂಬರು, ಗಡಿಯೇ ಮಾಯ.
ಇನಾಸಿನ್ ಬಾಯಿ ನಡೆದೇ ಬಂದಳಂತೆ,
ಪುರಾವೆಗೆಂದು ಕೆಂಪು ದಾರದ ಉಂಡೆ ಹಿಡಿದು.
ಕೋಳಿ ಸತ್ತು ಎರಡು ಮಳೆಗಾಲ ಕಳೆದಿತ್ತು.
ಚೌಕಿಯ ಹಿತ್ತಲಲ್ಲಿ ಅದರ ಮರಿಮಕ್ಕಳು
ಚಿಪ್ಪಿಯ ರಾಶಿ ಕೆದರುತ್ತಿದ್ದವು.
ಅವಳು ನಾಲಗೆ ಲೊಚಗುಟ್ಟಿದಳು.
ಒಂದೂ ತಿರುಗಿ ನೋಡಲಿಲ್ಲ.

ಪುರ್ಸು ಮಾತ್ರ ಕತ್ತೆತ್ತಿದ.

ಪ್ರಕರಣ ಮುಗಿದಿಲ್ಲ.
ಅರ್ಧ ಪೈಸೆ ಇನ್ನೂ ಬಾಕಿ ತೋರಿಸುತ್ತಿದೆ.